ಕಾಣದ ಹೊಲಿಗೆ

ನಮ್ಮ ಅಮ್ಮಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೊಲಿಗೆ ಯಂತ್ರ ತುಳಿದವರು. ಬೀದಿಯ ಹೆಂಗಸರ ರವಿಕೆಗಳು, ಶಾಲೆಯ ಮಕ್ಕಳ ಸಮವಸ್ತ್ರ, ಈದ್ ಹತ್ತಿರವಾದಂತೆ ರಾಶಿ ರಾಶಿ ಶಲ್ವಾರ್ ಕಮೀಜು. ಹೊಲಿದಾದ ಮೇಲೆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ತೋಳು ಮೈಗೆ ಸೇರುವಲ್ಲಿ ಹೂವಿನ ಬಳ್ಳಿ ತುಂಡಾದಂತೆ ಕಂಡರೆ ಅವರಿಗೆ ಸಮಾಧಾನವಿಲ್ಲ. ಬ್ಲೇಡು ತೆಗೆದುಕೊಂಡು ಬಿಚ್ಚಿ, ಮತ್ತೆ ಹೊಲಿಯುತ್ತಿದ್ದರು. ಹೊಲಿಗೆ ಇರಬೇಕು, ಆದರೆ ಕಾಣಬಾರದು. ಇದು ಅವರ ಕಸುಬಿನ ಮೊದಲ ಪಾಠವಾಗಿತ್ತು.

ಅಮ್ಮಿ ತೀರಿಕೊಂಡು ಕೆಲವು ವರ್ಷಗಳಾದವು. ಈ ಪಾಠ ನಮಗೆ ಮತ್ತೆ ನೆನಪಾದದ್ದು ಈಚೆಗೆ, ಒಂದು ಕಂಪ್ಯೂಟರಿನ ಮುಂದೆ ಕುಳಿತಾಗ. ನಮ್ಮ ಆಪಾನ ಮಗಳು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಾಳೆ. ಸಿನಿಮಾಗಳಿಗೆ ಬೇಕಾದ ಮನುಷ್ಯರ ರೂಪಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವ ಸ್ಟುಡಿಯೋ ಅದು. ಆಕಾರ ಕಟ್ಟುವವರು ಬೇರೆ, ಅದನ್ನು ನಡೆದಾಡಿಸುವವರು ಬೇರೆ. ಇವಳ ಕೆಲಸ ಆ ಆಕಾರಕ್ಕೆ ಚರ್ಮ ಹೊದಿಸುವುದು. ರಜೆಗೆ ಬಂದವಳು ಒಂದು ಸಂಜೆ ಲ್ಯಾಪ್‌ಟಾಪ್ ತೆರೆದು, “ಮಾಮೂ, ನಾನಿಮಾ ಅವರ ಮುಖ ಮಾಡೋಣ ಅಂತಿದ್ದೀನಿ. ನಿಮ್ಮ ಹತ್ತಿರ ಎಷ್ಟು ಫೋಟೋ ಇವೆ?” ಎಂದು ಕೇಳಿದಳು.

ಇದ್ದದ್ದು ಮೂರೇ ಫೋಟೋ. ಅಮ್ಮಿ ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಳ್ಳುತ್ತಿದ್ದವರು. ಒಂದು, ಮತದಾರರ ಗುರುತಿನ ಚೀಟಿಯಲ್ಲಿದ್ದ ಮಸುಕು ಚಿತ್ರ. ಎರಡು, ಆಪಾನ ಮದುವೆಯಲ್ಲಿ ಯಾರೋ ತೆಗೆದದ್ದು. ಅದರಲ್ಲಿ ಅರ್ಧ ಮುಖ ಸೆರಗಿನೊಳಗೆ. ಮೂರು, ಹೊಲಿಗೆ ಯಂತ್ರದ ಮುಂದೆ ತಲೆ ಬಾಗಿಸಿ ಕುಳಿತಿರುವಾಗ ಮೊಬೈಲಿನಲ್ಲಿ ತೆಗೆದದ್ದು. ಕಿಟಕಿಯ ಬೆಳಕು ಬಲಗೆನ್ನೆಯ ಮೇಲೆ ಬಿದ್ದಿದೆ, ಎಡಗಡೆ ಕತ್ತಲು.

ಕೆಲಸ ಶುರುವಾಗುವ ಮುನ್ನ ನಾವು ಕುತೂಹಲಕ್ಕೆ ಒಂದು ಪ್ರಶ್ನೆ ಕೇಳಿದೆವು: ಕಂಪ್ಯೂಟರಿನಲ್ಲಿ ಚರ್ಮ ಹೊದಿಸುವುದೆಂದರೆ ಏನು? ಅವಳು ಕೊಟ್ಟ ಉತ್ತರ ಅಮ್ಮಿಯ ಕಸುಬಿನ ಮಾತೇ ಆಗಿತ್ತು.

ಕಂಪ್ಯೂಟರಿನೊಳಗಿನ ಮನುಷ್ಯ ಮೊದಲು ಒಂದು ಬಲೆ. ಸಾವಿರಾರು ಪುಟ್ಟ ಚೌಕಗಳು ಒಂದಕ್ಕೊಂದು ಅಂಟಿಕೊಂಡು ಮೂಗು, ತುಟಿ, ಭುಜಗಳ ಉಬ್ಬುತಗ್ಗು ಆಗಿರುತ್ತವೆ. ಅದಕ್ಕೆ ಬಣ್ಣವಿಲ್ಲ, ಸುಕ್ಕಿಲ್ಲ, ಮಚ್ಚೆಯಿಲ್ಲ. ಇವೆಲ್ಲ ಬರುವುದು ಒಂದು ಚಪ್ಪಟೆ ಚಿತ್ರದಿಂದ. ಚಪ್ಪಟೆ ಚಿತ್ರವನ್ನು ಗುಂಡಗಿನ ತಲೆಗೆ ಹೊದಿಸುವುದು ಹೇಗೆ? ಮೂಸಂಬಿಯ ಸಿಪ್ಪೆ ಸುಲಿದು ಮೇಜಿನ ಮೇಲೆ ಹರಡುವಂತೆ ಆ ಬಲೆಯನ್ನು ಎಲ್ಲೋ ಒಂದು ಕಡೆ ಕತ್ತರಿಸಿ ಬಿಡಿಸಿ ಹರಡಬೇಕು. ಹರಡಿದ ತುಂಡುಗಳ ಮೇಲೆ ಚರ್ಮ ಬಿಡಿಸಬೇಕು. ಮತ್ತೆ ಮಡಿಸಿ ಸೇರಿಸಿದಾಗ ಕತ್ತರಿಸಿದ ಅಂಚುಗಳು ಒಂದನ್ನೊಂದು ಮುಟ್ಟುತ್ತವೆ. ಮುಟ್ಟುವ ಆ ಗೆರೆಗೆ ಅವರು ಸೀಮ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಸಿಲಾಯಿ ಎನ್ನುತ್ತಿದ್ದೆವು. ಕನ್ನಡದಲ್ಲಿ ಹೊಲಿಗೆ.

“ಕತ್ತರಿಸದೆ ಮಾಡಲು ಬರುವುದಿಲ್ಲವೇ?” ಎಂದೆವು. ಬರುವುದಿಲ್ಲ. ಇದು ಕಂಪ್ಯೂಟರಿನ ಬಡತನವಲ್ಲ, ಲೆಕ್ಕದ ನಿಯಮ. ಗುಂಡಗಿನ ಮೈಯನ್ನು ಅಳತೆಗಳು ಕೆಡದಂತೆ ಚಪ್ಪಟೆ ಮಾಡಲಾಗದು ಎಂಬುದು ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲಿ ಸಾಧಿಸಿ ತೋರಿಸಿದ ಪ್ರಮೇಯದಿಂದಲೇ ಸಿದ್ಧವಾಗುತ್ತದೆ. ಒಂದೋ ಹಿಗ್ಗಬೇಕು, ಇಲ್ಲವೇ ಹರಿಯಬೇಕು. ಭೂಪಟ ಬರೆಯುವವರಿಗೆ ಈ ಸಂಕಟ ಅದಕ್ಕೂ ಹಿಂದಿನದು. ನಮ್ಮ ಶಾಲೆಯ ಗೋಡೆಯ ಮೇಲಿದ್ದ ಪ್ರಪಂಚದ ನಕ್ಷೆ ಪೆಸಿಫಿಕ್ ಸಾಗರದ ನಡುವೆ ಕತ್ತರಿಸಿದ್ದು. ಅಲ್ಲಿ ನೀರೇ ಹೆಚ್ಚು, ಕತ್ತರಿಸಿದರೆ ಯಾರಿಗೆ ನಷ್ಟ ಎಂದುಕೊಂಡಿರಬೇಕು. ಆದರೆ ಆ ನೂರೆಂಬತ್ತನೆಯ ರೇಖಾಂಶ ಫಿಜಿ ದ್ವೀಪಗಳನ್ನು ಹಾದು ಹೋಗುತ್ತದೆ. ನಮಗೆ ಅಂಚಾದದ್ದು ಅಲ್ಲಿಯ ಮಗುವಿಗೆ ತನ್ನ ಊರು. ಎಲ್ಲಿ ಕತ್ತರಿಸಬೇಕೆಂದು ಆರಿಸುವವನು ತನಗೆ ಗೊತ್ತಿಲ್ಲದಂತೆಯೇ ಯಾರು ಮುಖ್ಯ, ಯಾರು ಅಲ್ಲ ಎಂಬುದನ್ನೂ ಆರಿಸಿಬಿಡುತ್ತಾನೆ.

ಚರ್ಮ ಹೊದಿಸುವವರೂ ಹೀಗೆಯೇ ಯಾರೂ ನೋಡದ ಜಾಗಗಳನ್ನು ಹುಡುಕುತ್ತಾರೆ. ತಲೆಯ ಹಿಂಭಾಗದಲ್ಲಿ ಕೂದಲಿನಡಿ, ಕಿವಿಯ ಹಿಂದೆ, ಕಂಕುಳಲ್ಲಿ, ತೋಳಿನ ಒಳಮೈಯಲ್ಲಿ, ಕಾಲಿನ ಒಳಬದಿಯಲ್ಲಿ. ಅಮ್ಮಿ ಹೊಲಿಗೆ ಹಾಕುತ್ತಿದ್ದ ಜಾಗಗಳೂ ಬಹುಮಟ್ಟಿಗೆ ಇವೇ. ಎಲ್ಲಕ್ಕಿಂತ ತ್ರಾಸದಾಯಕವಾದದ್ದು ಕುತ್ತಿಗೆಯಂತೆ. ಮುಖಕ್ಕೊಂದು ಚಿತ್ರ, ಮೈಗೊಂದು ಚಿತ್ರ ಇರುವಾಗ ಎರಡರ ಬಣ್ಣ ಕೂದಲೆಳೆಯಷ್ಟು ಬೇರೆಯಾದರೂ ಕುತ್ತಿಗೆಯ ಸುತ್ತ ಒಂದು ಗೆರೆ ಮೂಡುತ್ತದೆ. ಜೀವಂತ ಮನುಷ್ಯ ಒಂದು ಕ್ಷಣದಲ್ಲಿ ಬೊಂಬೆಯಾಗುತ್ತಾನೆ.

ಈ ವಿದ್ಯೆಗೆ ಹೆಚ್ಚು ವಯಸ್ಸಾಗಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಆನ್ರಿ ಗೂರೋ ಎಂಬ ಫ್ರೆಂಚ್ ವಿದ್ಯಾರ್ಥಿ 1971ರ ಸುಮಾರಿಗೆ ತನ್ನ ಹೆಂಡತಿಯ ಮುಖದ ಮೇಲೆಯೇ ಗೆರೆಗಳನ್ನೆಳೆದು, ಫೋಟೋ ತೆಗೆದು, ಅಳೆದು, ಕಂಪ್ಯೂಟರಿಗೆ ಮುಖವನ್ನು ಕಲಿಸಿದ. ಅದೇ ವಿಶ್ವವಿದ್ಯಾಲಯದ ಎಡ್ ಕ್ಯಾಟ್ಮಲ್ 1972ರಲ್ಲಿ ತನ್ನ ಎಡಗೈಯ ಅಚ್ಚು ತೆಗೆದು, ಅದರ ಮೇಲೆ ಗೆರೆಗಳ ಬಲೆ ಬರೆದು, ಕೈ ಬೆರಳು ಮಡಿಚುವ ಪುಟ್ಟ ಚಿತ್ರವನ್ನು ಗೆಳೆಯ ಫ್ರೆಡ್ ಪಾರ್ಕ್ ಜೊತೆ ಮಾಡಿದ. ಆಕಾರದ ಮೇಲೆ ಚಿತ್ರ ಹೊದಿಸುವ ಉಪಾಯ 1974ರ ಅವನ ಪ್ರಬಂಧದಲ್ಲಿದೆ. ಆ ಮೊದಲ ದಿನಗಳಲ್ಲಿ ಗೆರೆಗಳು ಹೆಂಡತಿಯ ಕೆನ್ನೆಯ ಮೇಲೆ, ಅಚ್ಚಿನ ಬೆರಳುಗಳ ಮೇಲೆ ಎಲ್ಲರ ಕಣ್ಣಿಗೂ ಕಾಣುವಂತೆ ಇದ್ದವು. ಅಲ್ಲಿಂದೀಚೆಗಿನ ಐವತ್ತು ವರ್ಷಗಳ ದುಡಿಮೆಯ ಒಂದು ದೊಡ್ಡ ಪಾಲು ಆ ಗೆರೆಗಳನ್ನು ಮರೆಮಾಡುವುದರಲ್ಲಿ ಹೋಗಿದೆ.

ಮರೆಮಾಡುವ ಉಪಾಯಗಳಲ್ಲಿ ಮೂರನ್ನು ಆಪಾನ ಮಗಳು ನಮಗೆ ತೋರಿಸಿದಳು. ಮೊದಲನೆಯದು, ಅಂಚು ದಾಟಿ ಬಣ್ಣ ಹಚ್ಚುವುದು. ರೂಪವನ್ನು ದೂರದಿಂದ ತೋರಿಸುವಾಗ ಕಂಪ್ಯೂಟರು ಅಕ್ಕಪಕ್ಕದ ಚುಕ್ಕಿಗಳ ಬಣ್ಣ ಬೆರೆಸಿ ಸರಾಸರಿ ತೆಗೆಯುತ್ತದೆ. ಕತ್ತರಿಸಿದ ಅಂಚಿನಲ್ಲಿ ಪಕ್ಕದ್ದೆಂದರೆ ಖಾಲಿ ಜಾಗ. ಅಲ್ಲಿಯ ಕಪ್ಪು ಒಳಕ್ಕೆ ಸೋರಿ ಗೆರೆ ಕಾಣುತ್ತದೆ. ಅದಕ್ಕೇ ಚರ್ಮದ ಬಣ್ಣವನ್ನು ಅಂಚಿನಾಚೆಗೂ ಸ್ವಲ್ಪ ಚಾಚಿರಬೇಕು. ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರವನ್ನು ಅಚ್ಚುಹಾಕುವಾಗ ನಾವು ಬೇರೆ ಹೇಳದಿದ್ದರೆ ಅದು ತಾನಾಗಿ 16 ಪಿಕ್ಸೆಲ್ ಬಿಡುತ್ತದೆ. ಇದನ್ನು ಕೇಳಿ ನಮಗೆ ನಗು ಬಂತು. ಅಮ್ಮಿಯೂ ಹೊಲಿಗೆಯಾಚೆ ಒಳಗೆ ಅರ್ಧ ಇಂಚು ಬಟ್ಟೆ ಬಿಡುತ್ತಿದ್ದರು.

ಎರಡನೆಯದು, ಹರಡಿದ ತುಂಡುಗಳ ಮೇಲೆ ಬರೆಯದೆ, ಕಟ್ಟಿ ನಿಲ್ಲಿಸಿದ ರೂಪದ ಮೇಲೆಯೇ ಹೊಲಿಗೆಯನ್ನು ದಾಟಿ ಕುಂಚ ಎಳೆಯುವುದು. 2009ರ ಅವತಾರ್ ಚಿತ್ರಕ್ಕಾಗಿ ನ್ಯೂಜಿಲೆಂಡಿನ ವೆಟಾ ಡಿಜಿಟಲ್ ಸಂಸ್ಥೆ ಕಟ್ಟಿಕೊಂಡ ಮಾರಿ ಎಂಬ ತಂತ್ರಾಂಶ ಈ ಕೆಲಸದ್ದು. ಮೂರನೆಯದು ನಮಗೆ ಬಹಳ ಹಿಡಿಸಿತು. 2008ರಲ್ಲಿ ಡಿಸ್ನಿಯವರು ಪಿಟೆಕ್ಸ್ ಎಂಬ ಕ್ರಮವನ್ನು ತಂದರು. ಅದರಲ್ಲಿ ದೊಡ್ಡದಾಗಿ ಕತ್ತರಿಸಿ ಹರಡುವ ಗೋಜಿಲ್ಲ. ಬಲೆಯ ಒಂದೊಂದು ಚೌಕಕ್ಕೂ ಅದರದೇ ಪುಟ್ಟ ಚಿತ್ರ, ಜೊತೆಗೆ ತನ್ನ ನಾಲ್ಕು ನೆರೆಯವರು ಯಾರು ಎಂಬ ವಿಳಾಸ. ಬಣ್ಣ ಬೆರೆಸುವಾಗ ಚೌಕ ತನ್ನ ನೆರೆಯವನನ್ನು ಕೇಳಿಕೊಳ್ಳುತ್ತದೆ. ಗೆರೆ ಇಲ್ಲವಾಗಲಿಲ್ಲ, ಎಲ್ಲೆಡೆ ಹಂಚಿಹೋಯಿತು. ಪಕ್ಕದವನ ಗುರುತು ಇಟ್ಟುಕೊಂಡಿರುವಲ್ಲಿ ಎಷ್ಟು ಗೆರೆಗಳಿದ್ದರೂ ಒಡಕು ಕಾಣುವುದಿಲ್ಲ. ಇದು ಚೌಕಗಳಿಗೆ ಮಾತ್ರ ಸಲ್ಲುವ ಮಾತೇ ಎಂದು ಓದುಗರು ಯೋಚಿಸಬಹುದು.

ಇಷ್ಟು ತಿಳಿದ ಮೇಲೆ ನಮ್ಮೊಳಗೆ ಪ್ರಶ್ನೆ ಎದ್ದಿತು. ಇಷ್ಟೆಲ್ಲ ಶ್ರಮ ಒಂದು ಜೋಡಣೆಯನ್ನು ಜೋಡಣೆಯಲ್ಲವೆಂದು ತೋರಿಸುವುದಕ್ಕೆ ತಾನೇ? ಹಾಗಾದರೆ ಇದು ಸುಳ್ಳಲ್ಲವೇ?

ಅಲ್ಲ ಎಂದೇ ನಮಗೆ ಮೊದಲು ತೋರಿತು. ಕಾಶ್ಮೀರದ ಶಾಲುಗಳ ಕತೆ ನೆನಪಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಅನೇಕ ಶಾಲುಗಳನ್ನು ಒಂದೇ ಮಗ್ಗದಲ್ಲಿ ನೇಯುತ್ತಿರಲಿಲ್ಲ. ಕೆಲಸ ಬೇಗ ಮುಗಿಯಲೆಂದು ಹಲವು ಮಗ್ಗಗಳಲ್ಲಿ ತುಂಡು ತುಂಡಾಗಿ ನೇಯ್ದು, ಕೊನೆಗೆ ರಫೂಗಾರನ ಕೈಗೆ ಕೊಡುತ್ತಿದ್ದರು. ಅವನು ಎಳೆಗೆ ಎಳೆ ಕೂಡಿಸಿ ಒಂದೇ ಶಾಲು ಮಾಡುತ್ತಿದ್ದ. ಹೊದ್ದವರಿಗೆ ಜೋಡು ಕಾಣದು. ಬಲ್ಲವರು ತಿರುಗಿಸಿ ನೋಡಿದರೆ ತಿಳಿಯುತ್ತಿತ್ತು. ಇದರಲ್ಲಿ ಮೋಸವೇನಿದೆ? ಕಣ್ಣಿಗೆ ತಡೆಯಾಗದಿರಲಿ ಎಂಬ ಮರ್ಯಾದೆ ಇದೆ. ಹೂವನ್ನು ನೋಡಲು ಬಂದವನಿಗೆ ದಾರದ ಗಂಟು ತೋರಿಸುವುದು ಕಸುಬುದಾರನ ಸೋಲು.

ಕತೆಗಾರರಾದ ನಮಗೆ ಇದು ಒಪ್ಪಿಗೆಯಾಗುವ ಉತ್ತರ. ನಾವೂ ತುಂಡುಗಳನ್ನು ಕೂಡಿಸಿ ಮನುಷ್ಯರನ್ನು ಮಾಡುವವರೇ. ಒಬ್ಬರ ನಡಿಗೆ, ಇನ್ನೊಬ್ಬರ ಕೆಮ್ಮು, ಮತ್ತೊಬ್ಬರ ಸಾಲ. ಮನೆಯಲ್ಲಿ ಉರ್ದುವಿನಲ್ಲಿ ಕೇಳಿದ ಬೈಗುಳ ಕನ್ನಡದಲ್ಲಿ ಬರೆಯುವಾಗ ಯಾವ ಪಾತ್ರದ ಬಾಯಿಗೆ ಹೋಗುತ್ತದೋ ನಮಗೇ ತಿಳಿಯದು. ಓದುಗನಿಗೆ ಅದು ಒಂದೇ ಮನುಷ್ಯನಾಗಿ ಕಂಡರೆ ಕತೆ ಗೆದ್ದಿತು.

ಆದರೆ ಹಲವು ವರ್ಷಗಳ ಹಿಂದೆ ನಡೆದದ್ದೊಂದನ್ನು ಇಲ್ಲಿ ಮುಚ್ಚಿಡುವ ಹಾಗಿಲ್ಲ. ನಮ್ಮ ಒಂದು ಕತೆಯಲ್ಲಿ ಮಂಡಿಯಲ್ಲಿ ಕೂಲಿ ಮಾಡುವ ಮುದುಕನೊಬ್ಬ ಬರುತ್ತಾನೆ. ಅವನ ಮಾತು, ಬೀಡಿ ಹಿಡಿಯುವ ರೀತಿ, ಕುಂಟು ಕಾಲು ಎಲ್ಲವೂ ನಮ್ಮ ಬೀದಿಯ ಒಬ್ಬ ಹಿರಿಯರದು. ಅವರು ತೀರಿಕೊಂಡಿದ್ದರು. ಕತೆಯಲ್ಲಿ ಆ ಮುದುಕ ಮಗಳ ಮದುವೆಗೆಂದು ಕೂಡಿಟ್ಟ ಹಣ ಕಳೆದುಬಿಡುತ್ತಾನೆ. ಈ ಸಂಗತಿ ಬೇರೆ ಊರಿನ ಬೇರೆಯವರದು. ಕತೆ ಅಚ್ಚಾದ ಮೇಲೆ ಆ ಹಿರಿಯರ ಮಗ ನಮ್ಮ ಮನೆಗೆ ಬಂದ. ಜಗಳ ಮಾಡಲಿಲ್ಲ. “ಭಾಯಿ, ಅಬ್ಬಾ ಅವರ ದನಿ ಹಾಗೆಯೇ ಇದೆ, ಓದಿ ಅತ್ತೆ. ಆದರೆ ಅವರು ಹಣ ಕಳೆದವರಲ್ಲ. ಈಗ ಬೀದಿಯವರು ಕೇಳ್ತಾರೆ, ನಿಜವೇ ಅಂತ,” ಎಂದು ಹೇಳಿ ಚಹಾ ಕುಡಿಯದೆ ಎದ್ದು ಹೋದ.

ಹೊಲಿಗೆ ಕಾಣಲಿಲ್ಲ ಎಂಬುದೇ ಅಲ್ಲಿ ನಮ್ಮ ತಪ್ಪಾಗಿತ್ತು. ದನಿ ಅಷ್ಟು ನಿಜವಾಗಿ ಬಂದದ್ದರಿಂದ ಅದಕ್ಕೆ ಅಂಟಿಸಿದ ಸುಳ್ಳೂ ನಿಜದ ಬಣ್ಣ ಪಡೆಯಿತು. ಗೆರೆಯ ಈಚೆಗಿದ್ದದ್ದು ನಾವು ಕಂಡದ್ದು, ಆಚೆಗಿದ್ದದ್ದು ನಾವು ತಂದು ಸೇರಿಸಿದ್ದು. ಆ ಗೆರೆ ಎಲ್ಲಿದೆಯೆಂದು ಬಲ್ಲವರು ನಾವೊಬ್ಬರೇ. ಅದರ ಬೆಲೆ ತೆತ್ತವನು ಮಾತ್ರ ಇನ್ನೊಬ್ಬ.

ಅಂದರೆ ಹೊಲಿಗೆಗಳಲ್ಲಿ ಎರಡು ಬಗೆ ಇವೆ ಎಂದಾಯಿತು. ತೋಳನ್ನು ಮೈಗೆ ಸೇರಿಸುವ ಹೊಲಿಗೆಯ ಎರಡೂ ಕಡೆ ಇರುವುದು ಒಂದೇ ಬಟ್ಟೆ. ಅದನ್ನು ಎಷ್ಟು ಮರೆಸಿದರೂ ಯಾರಿಗೂ ಹಾನಿಯಿಲ್ಲ. ಇನ್ನೊಂದು ಬಗೆಯ ಹೊಲಿಗೆಯ ಒಂದು ಕಡೆ ತಿಳಿದದ್ದು, ಇನ್ನೊಂದು ಕಡೆ ಊಹಿಸಿದ್ದು. ಇದನ್ನು ಮರೆಸುವಾಗ ನಾವು ಮರೆಸುತ್ತಿರುವುದು ನಮ್ಮ ತಿಳಿವಳಿಕೆ ಎಲ್ಲಿಗೆ ಮುಗಿಯಿತು ಎಂಬ ಸತ್ಯವನ್ನು.

ಅಮ್ಮಿಯ ಮುಖದ ಕೆಲಸದಲ್ಲಿ ಈ ಎರಡನೆಯ ಹೊಲಿಗೆ ಎದುರಾದದ್ದು ಮರುದಿನ. ಬದುಕಿರುವ ನಟರಾದರೆ ಅವರನ್ನು ಸುತ್ತಲೂ ದೀಪಗಳಿರುವ ಚೌಕಟ್ಟಿನ ನಡುವೆ ಕೂರಿಸಿ, ನೆರಳು ಬೀಳದಂತೆ ಎಲ್ಲ ಕಡೆಯಿಂದ ಫೋಟೋ ತೆಗೆಯುತ್ತಾರಂತೆ. ಪಾಲ್ ಡೆಬೆವೆಕ್ ಮತ್ತು ಅವರ ಜೊತೆಗಾರರು 2000ದಲ್ಲಿ ತೋರಿಸಿಕೊಟ್ಟ ದಾರಿ ಅದು. ತೀರಿಕೊಂಡವರನ್ನು ದೀಪಗಳ ನಡುವೆ ಕೂರಿಸುವ ಹಾಗಿಲ್ಲ. ಇರುವ ಫೋಟೋದಲ್ಲಿ ಇರುವಷ್ಟೇ ಬೆಳಕು. ಅಮ್ಮಿಯ ಬಲಗೆನ್ನೆಯ ಮೇಲಿನ ಕಿಟಕಿಯ ಬಿಳುಪನ್ನು ಇಳಿಸಬೇಕು, ಎಡಗಡೆಯ ಕತ್ತಲನ್ನು ಏರಿಸಬೇಕು. ಏರಿಸಿದರೆ ಅಲ್ಲಿ ಏನೂ ಇಲ್ಲ, ಬರೀ ಕಂದು ಮಸುಕು. “ಬಲಗಡೆಯದನ್ನೇ ಕನ್ನಡಿಯಲ್ಲಿ ತಿರುಗಿಸಿದ ಹಾಗೆ ಎಡಕ್ಕೆ ಹಾಕ್ತೀವಿ ಮಾಮೂ, ಎಲ್ಲರೂ ಹಾಗೇ ಮಾಡೋದು. ಮೂಗಿನ ಮೇಲೆ ಸೇರುವಲ್ಲಿ ಸ್ವಲ್ಪ ಉಜ್ಜಿದರೆ ಗೊತ್ತಾಗೋದಿಲ್ಲ,” ಎಂದಳು.

ಗೊತ್ತಾಗಲಿಲ್ಲ ನಿಜ. ಪರದೆಯ ಮೇಲೆ ಅಮ್ಮಿ ತಲೆಯೆತ್ತಿ ನೋಡಿದರು. ನಾವು ಕೆಲಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದೆವು: “ಬೇಟಿ, ಎಡಗಿವಿಯ ಕೆಳಗೆ ಸುಟ್ಟ ಕಲೆ ಎಲ್ಲಿ?”

ಇಸ್ತ್ರಿಪೆಟ್ಟಿಗೆಯ ಕೆಂಡ ಸಿಡಿದು ಆದ ಕಲೆ ಅದು, ಬೆರಳಿನ ಉಗುರಿನಷ್ಟು. ಯಾವ ಫೋಟೋದಲ್ಲೂ ಇಲ್ಲ. ಆಪಾಗೆ ಫೋನು ಹಚ್ಚಿದೆವು. ಆಪಾ ಹೇಳಿದರು, “ಎಡಗಡೆ ಅಲ್ಲ ಕಣೋ, ಬಲಗಡೆ. ನಾನು ತಲೆ ಬಾಚ್ತಿದ್ದೆನಲ್ಲ.” ನಾವು ಎಡ ಎಂದೆವು, ಅವರು ಬಲ ಎಂದರು. ಬಲಗಡೆಯ ಫೋಟೋದಲ್ಲಿ ಕಿವಿಯ ಕೆಳಗೆ ಸೆರಗಿನ ನೆರಳು. ತೀರ್ಪು ಕೊಡುವವರು ಇಲ್ಲ.

ಆಗ ನಮಗೆ ತಿಳಿದದ್ದು ಇಷ್ಟು. ತಂತ್ರಾಂಶವನ್ನು ದೂರುವುದಕ್ಕೆ ಮುಂಚೆ ನಮ್ಮ ನೆನಪನ್ನೇ ತಿರುಗಿಸಿ ನೋಡಬೇಕು. ಅಲ್ಲಿಯೂ ಕಂಡದ್ದು ಸ್ವಲ್ಪ, ತುಂಬಿಕೊಂಡದ್ದು ಹೆಚ್ಚು. ಎರಡೂ ಸೇರಿ ಒಂದೇ ಮುಖವಾಗಿ ಕೂತಿವೆ. ತಾಯಿಯ ಮುಖ ತನಗೆ ಪೂರ್ತಿ ನೆನಪಿದೆ ಎನ್ನುವ ಮಗನೂ ಒಳ್ಳೆಯ ರಫೂಗಾರನೇ.

ಹಾಗೆಂದು ಊಹಿಸುವುದೇ ಬೇಡ ಎನ್ನುವುದೂ ಸರಿಯಲ್ಲ. ಊಹೆಯಿಲ್ಲದೆ ಅರ್ಧ ಮುಖವಷ್ಟೇ ಉಳಿಯುತ್ತದೆ. ಅರ್ಧ ಮುಖ ಯಾರ ಹಸಿವನ್ನೂ ತಣಿಸದು. ಬೇಕಾದದ್ದು ಹೇಳಿಬಿಡುವ ಪ್ರಾಮಾಣಿಕತೆ. 2009ರ ಡಿಸೆಂಬರಿನಲ್ಲಿ ನಮ್ಮನ್ನಗಲಿದ ವಿಷ್ಣುವರ್ಧನ್ ಅವರನ್ನು 2016ರ ‘ನಾಗರಹಾವು’ ಚಿತ್ರದಲ್ಲಿ ಕಂಪ್ಯೂಟರಿನ ಮೂಲಕ ತೆರೆಗೆ ತಂದರು. ಚೆನ್ನಾಗಿತ್ತೇ, ಇಲ್ಲವೇ ಎಂಬ ಚರ್ಚೆ ಬೇರೆ. ಆದರೆ ಅದು ಕಟ್ಟಿದ ರೂಪ ಎಂಬುದನ್ನು ಮೊದಲೇ ಸಾರಿದ್ದರು. ಚಿತ್ರಮಂದಿರದಲ್ಲಿ ಕುಳಿತವರು ಯಾರಿಗೂ ಮೋಸವಾಗಲಿಲ್ಲ. ಅದೇ ವರ್ಷ ಹಾಲಿವುಡ್ಡಿನ ‘ರೋಗ್ ಒನ್’ ಚಿತ್ರದಲ್ಲಿ 1994ರಲ್ಲಿ ತೀರಿಕೊಂಡಿದ್ದ ಪೀಟರ್ ಕುಶಿಂಗ್ ಅವರ ಮುಖವನ್ನು ಗೈ ಹೆನ್ರಿ ಎಂಬ ನಟನ ಅಭಿನಯದ ಮೇಲೆ ಹೊದಿಸಿದರು. ಕುಶಿಂಗ್ ಅವರ ವಾರಸುದಾರರ ಒಪ್ಪಿಗೆ ಪಡೆದಿದ್ದರು. ಕಣ್ಣಿಗೆ ಹೊಲಿಗೆಯನ್ನು ಮರೆಸಲು ಇಬ್ಬರೂ ಬೆವರು ಸುರಿಸಿದರು, ಆದರೆ ಹೊಲಿಗೆ ಇದೆ ಎಂಬ ಮಾತನ್ನು ಮರೆಸಲಿಲ್ಲ. ಕತೆಯ ಮುದುಕನ ವಿಷಯದಲ್ಲಿ ನಾವು ತಪ್ಪಿದ್ದು ಇಲ್ಲಿಯೇ.

ಇಂದು ಈ ಮಾತಿಗೆ ಹಿಂದೆಂದಿಗಿಂತ ಹೆಚ್ಚು ತೂಕ ಬಂದಿದೆ. ಆಪಾನ ಮಗಳಂಥವರು ಕತ್ತರಿಸುವಾಗ ಎಲ್ಲಿ ಕತ್ತರಿಸಿದೆವು ಎಂಬುದು ಕಡತದಲ್ಲಿ ಉಳಿಯುತ್ತದೆ. ಒಂದು ಗುಂಡಿ ಒತ್ತಿದರೆ ಹೊಲಿಗೆಗಳೆಲ್ಲ ಕೆಂಪು ಗೆರೆಗಳಾಗಿ ಕಾಣುತ್ತವೆ. ಈಗ ಬಂದಿರುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಒಂದು ಫೋಟೋ ಕೊಟ್ಟರೆ ಕ್ಷಣದಲ್ಲಿ ನಗುವ, ಮಾತಾಡುವ ಮುಖವನ್ನೇ ಕೊಡುತ್ತವೆ. ಅಲ್ಲಿ ಯಾರೂ ಕತ್ತರಿಸಲಿಲ್ಲ, ಯಾರೂ ಸೇರಿಸಲಿಲ್ಲ. ತಿಳಿದದ್ದು ಎಲ್ಲಿಗೆ ಮುಗಿದು ಊಹೆ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವವರು ಯಾರೂ ಇಲ್ಲ, ಮಾಡಿದವನಿಗೂ ಆಗದು. ಬದುಕಿರುವವರ ಬಾಯಲ್ಲಿ ಆಡದ ಮಾತು ಆಡಿಸುವ ವೀಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿರುವ ಕಾಲದಲ್ಲಿ, ಹೊಲಿಗೆಯಿಲ್ಲದ ಚರ್ಮ ಕಂಡರೆ ಮೆಚ್ಚುವುದರ ಜೊತೆಗೆ ಅಂಜುವುದೂ ಒಳ್ಳೆಯದು. ಬಿಚ್ಚಲು ಬಾರದ ಬಟ್ಟೆಯನ್ನು ತಿದ್ದಲೂ ಬಾರದು.

ಇದೆಲ್ಲವನ್ನೂ ಹುಡುಗಿಗೆ ಇಷ್ಟುದ್ದ ಹೇಳಲಿಲ್ಲ. ಕಲೆಯ ವಿಷಯ ಅವಳೇ ಒಂದು ದಾರಿ ಹುಡುಕಿದಳು. ಫೋಟೋಗಳಿಂದ ಬಂದ ಚರ್ಮವನ್ನೆಲ್ಲ ಒಂದು ಪದರದಲ್ಲಿಟ್ಟಳು. ಕನ್ನಡಿಯಂತೆ ತಿರುಗಿಸಿದ ಎಡಗೆನ್ನೆ, ತಾನೇ ಬರೆದ ಕಿವಿಯ ಹಿಂಭಾಗ, ಕುತ್ತಿಗೆ ಇವನ್ನೆಲ್ಲ ಇನ್ನೊಂದು ಪದರದಲ್ಲಿಟ್ಟು ಅದಕ್ಕೆ ‘ಅಂದಾಜು’ ಎಂದು ಹೆಸರು ಕೊಟ್ಟಳು. ಎರಡೂ ಪದರ ಒಟ್ಟಿಗೆ ಇದ್ದಾಗ ಎಲ್ಲಿಯೂ ಗೆರೆ ಕಾಣದು. ಎರಡನೆಯದನ್ನು ಮುಚ್ಚಿದರೆ ಅರ್ಧ ಮುಖ ಬೂದು ಬಣ್ಣಕ್ಕೆ ತಿರುಗುತ್ತದೆ, ನಮಗೆ ನಿಜವಾಗಿ ಉಳಿದಿರುವ ಅಮ್ಮಿ ಎಷ್ಟು ಎಂದು ತಿಳಿಯುತ್ತದೆ. ಸುಟ್ಟ ಕಲೆಯನ್ನು ಎರಡೂ ಕಡೆ ಬರೆದಿಲ್ಲ. “ನೀವೂ ಅಮ್ಮೀಜಾನೂ ಒಪ್ಪಿದ ಮೇಲೆ ಹಾಕ್ತೀನಿ,” ಎಂದು ನಕ್ಕಳು. ನಾವು ಇನ್ನೂ ಒಪ್ಪಿಲ್ಲ. ಈಗ ಆಪಾನ ಜೊತೆ ಫೋನಿನಲ್ಲಿ ಅಮ್ಮಿಯ ಮಾತು ಬರುವುದು ಹೆಚ್ಚಾಗಿದೆ.

ಮೊನ್ನೆ ಹಳೆಯ ಪೆಟ್ಟಿಗೆಯಿಂದ ಅಮ್ಮಿ ನಮಗೆ ಹೊಲಿದಿದ್ದ ಒಂದು ಕುರ್ತಾ ಸಿಕ್ಕಿತು. ನಾವು ಕಾಲೇಜಿಗೆ ಹೋಗುವಾಗಿನದು. ಬೆಳೆಯುವ ಹುಡುಗ ಎಂದು ಪಕ್ಕದಲ್ಲಿ ಧಾರಾಳವಾಗಿ ಬಟ್ಟೆ ಬಿಟ್ಟು ಹೊಲಿದಿದ್ದರು. ಹೊರಗೆಲ್ಲ ಬಿಸಿಲಿಗೆ, ಸಾಬೂನಿಗೆ ಬಣ್ಣ ಹೋಗಿ ಬೂದಿಯಂತಾಗಿದೆ. ಹೊಲಿಗೆ ಒಂದೆರಡು ಇಂಚು ಬಿಚ್ಚಿಹೋಗಿದ್ದ ಕಡೆ ಒಳಗಿನ ಬಟ್ಟೆ ಕಂಡಿತು. ಅಂಗಡಿಯಿಂದ ತಂದ ದಿನದ ಹಸಿರು ಅಲ್ಲಿ ಹಾಗೆಯೇ ಇತ್ತು.